ಮಿಥ್ಯಾಯಂತ್ರದಲ್ಲಿ ಸಿ.ಡಿ. ತೆರೆಯದಿದ್ದರೆ: ಹಳೆಯ ಕನ್ನಡ ಕಡತಗಳನ್ನು ಹೊರತೆಗೆಯುವ ಬಗೆ

ಶಿಡ್ಲಘಟ್ಟ: ಚಿಕ್ಕಬಳ್ಳಾಪುರ ಜಿಲ್ಲೆ ರಚನೆಯಾದದ್ದು 2007ರಲ್ಲಿ. ಅದಕ್ಕೂ ಮುನ್ನ ಶಿಡ್ಲಘಟ್ಟ ತಾಲ್ಲೂಕು ಕೋಲಾರ ಜಿಲ್ಲೆಗೆ ಸೇರಿತ್ತು. ಇಲ್ಲಿನ ಹಳೆಯ ಬೀರುವೊಂದರಲ್ಲಿ ‘ಕೋಲಾರ ಜಿಲ್ಲೆ’ ಎಂದು ಬರೆದ ಸಿ.ಡಿ. ಸಿಕ್ಕಿದರೆ ಅದರ ವಯಸ್ಸು ಬಹುಪಾಲು ಹದಿನೆಂಟು ದಾಟಿರುತ್ತದೆ. ಸಹಕಾರ ಸಂಘದ ಸದಸ್ಯರ ಪಟ್ಟಿ, ರೇಷ್ಮೆ ವ್ಯಾಪಾರಿಯ ಲೆಕ್ಕಪತ್ರ, ದೇವಾಲಯದ ಜೀರ್ಣೋದ್ಧಾರದ ಸ್ಮರಣಸಂಚಿಕೆ, ಶಾಲಾ ವಾರ್ಷಿಕೋತ್ಸವದ ಚಿತ್ರಗಳು ಹೀಗೆ ಆ ಕಾಲದಲ್ಲಿ ‘ಭದ್ರವಾಗಿರಲಿ’ ಎಂದು ಸಿ.ಡಿ.ಗೆ ಇಳಿಸಿದ್ದೆಲ್ಲವೂ ಈಗ ಎರಡು ಕಾರಣಗಳಿಂದ ಕೈತಪ್ಪುತ್ತಿದೆ. ಒಂದು, ಸಿ.ಡಿ. ತಟ್ಟೆಯೇ ಸವೆಯುತ್ತಿದೆ. ಎರಡು, ತಟ್ಟೆ ಸರಿಯಿದ್ದರೂ ಅದರೊಳಗಿನ ಕಡತವನ್ನು ತೆರೆಯಬಲ್ಲ ತಂತ್ರಾಂಶ ಇಂದಿನ ಗಣಕಗಳಲ್ಲಿಲ್ಲ.

ಎರಡನೆಯ ತೊಡಕಿಗೆ ಕನ್ನಡಿಗರ ಮಟ್ಟಿಗೆ ಒಂದು ವಿಶೇಷ ಕಾರಣವಿದೆ. ಆ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳ ಡಿ.ಟಿ.ಪಿ. ಅಂಗಡಿಗಳಲ್ಲಿ ನಡೆಯುತ್ತಿದ್ದ ಪುಟವಿನ್ಯಾಸದ ಬಹುಭಾಗಕ್ಕೆ ಅಡೋಬಿ ಸಂಸ್ಥೆಯ ಪೇಜ್‌ಮೇಕರ್ ಆಧಾರವಾಗಿತ್ತು. 2001ರಲ್ಲಿ ಬಂದ 7.0 ಅದರ ಕೊನೆಯ ಪ್ರಮುಖ ಆವೃತ್ತಿ. ಯೂನಿಕೋಡ್ ಕನ್ನಡವನ್ನು ಅದು ಅರಿಯದು. ಆದ್ದರಿಂದ ನುಡಿ, ಶ್ರೀಲಿಪಿ, ಆಕೃತಿ ಮೊದಲಾದವುಗಳ ಹಳೆಯ ಬಗೆಯ ಅಕ್ಷರಶೈಲಿಗಳಲ್ಲಿ ಪುಟಗಳು ಸಿದ್ಧವಾಗುತ್ತಿದ್ದವು. ಆ ಪುಟವನ್ನು ಇದ್ದಂತೆಯೇ ನೋಡಬೇಕಾದರೆ ಆ ತಂತ್ರಾಂಶ, ಆ ಅಕ್ಷರಶೈಲಿ ಹಾಗೂ ಅವು ನೆಮ್ಮದಿಯಿಂದ ಓಡುತ್ತಿದ್ದ ವಿಂಡೋಸ್ 98 ಅಥವಾ ವಿಂಡೋಸ್ ಎಕ್ಸ್‌ಪಿ ಮೂರೂ ಒಟ್ಟಿಗೆ ಇರುವುದು ಲೇಸು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು.

ಇದಕ್ಕೆ ಕಂಡುಕೊಂಡ ಉಪಾಯವೇ ವರ್ಚುವಲ್ ಮಷಿನ್, ಅಂದರೆ ಮಿಥ್ಯಾಯಂತ್ರ. ಇಂದಿನ ಗಣಕದೊಳಗೆ ಒಂದು ಕಿಟಕಿಯಲ್ಲಿ ಇನ್ನೊಂದು ಹಳೆಯ ಗಣಕ ಇರುವಂತೆ ನಟಿಸುವ ತಂತ್ರಾಂಶವಿದು. ಹೊರಗಿನ ನಿಜವಾದ ಗಣಕವನ್ನು ಆತಿಥೇಯ ಎಂದೂ ಒಳಗಿನದನ್ನು ಅತಿಥಿ ಎಂದೂ ಕರೆಯುವುದು ವಾಡಿಕೆ. ಒರ‍್ಯಾಕಲ್ ಸಂಸ್ಥೆಯ ವರ್ಚುವಲ್‌ಬಾಕ್ಸ್, 2024ರ ನವೆಂಬರ್‌ನಿಂದ ಎಲ್ಲರಿಗೂ ಉಚಿತವಾಗಿರುವ ವಿಎಂವೇರ್ ವರ್ಕ್‌ಸ್ಟೇಷನ್, ವಿಂಡೋಸ್‌ನ ಪ್ರೊ ಆವೃತ್ತಿಗಳಲ್ಲಿ ದೊರೆಯುವ ಹೈಪರ್-ವಿ ಇವು ಹೆಚ್ಚು ಬಳಕೆಯಲ್ಲಿವೆ. ಅತಿಥಿಯಲ್ಲಿ ಎಕ್ಸ್‌ಪಿ ಸ್ಥಾಪಿಸಲು ಸ್ವಂತ ಪರವಾನಗಿ ಬೇಕು ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ಸಿದ್ಧಪಡಿಸಿಕೊಂಡು ತಟ್ಟೆಯನ್ನು ಡ್ರೈವಿಗೆ ಹಾಕಿದಾಗ ಅತಿಥಿಯೊಳಗೆ ಏನೂ ಕಾಣದಿದ್ದರೆ ‘ಸಿ.ಡಿ. ಹಾಳಾಗಿದೆ’ ಎಂಬ ತೀರ್ಪು ಥಟ್ಟನೆ ಹೊರಬೀಳುತ್ತದೆ. ತಟ್ಟೆ ಕಸದ ಬುಟ್ಟಿ ಸೇರುತ್ತದೆ. ಈ ತೀರ್ಪು ಅನೇಕ ಸಲ ತಪ್ಪು. ತಟ್ಟೆ ಸರಿಯಾಗಿದ್ದು, ಆತಿಥೇಯ ಮತ್ತು ಅತಿಥಿಯ ನಡುವಿನ ಕೊಂಡಿ ಕಳಚಿರುವುದೇ ಹೆಚ್ಚು.

ಇರುವುದು ಎರಡು ಡ್ರೈವ್

ಅತಿಥಿಯ ‘ಮೈ ಕಂಪ್ಯೂಟರ್’ನಲ್ಲಿ ಕಾಣುವ ಸಿ.ಡಿ. ಡ್ರೈವ್ ನಿಜವಾದುದಲ್ಲ. ಅದು ತಂತ್ರಾಂಶ ಕಟ್ಟಿಕೊಟ್ಟ ಒಂದು ಚಿತ್ರ. ಅದರ ಹಿಂದೆ ಆತಿಥೇಯದ ನಿಜವಾದ ಡ್ರೈವನ್ನು ಜೋಡಿಸಬಹುದು, ಐಎಸ್‌ಒ ಎಂಬ ಕಡತವನ್ನು ಜೋಡಿಸಬಹುದು, ಅಥವಾ ಏನನ್ನೂ ಜೋಡಿಸದೆ ಖಾಲಿ ಬಿಡಬಹುದು. ಸಿ.ಡಿ. ಡ್ರೈವೇ ಇಲ್ಲದ ಲ್ಯಾಪ್‌ಟಾಪ್‌ನಲ್ಲಿಯೂ ಅತಿಥಿ ತನಗೊಂದು ಡ್ರೈವ್ ಇದೆಯೆಂದು ತೋರಿಸಿಕೊಳ್ಳುತ್ತದೆ. ಅದನ್ನು ನಂಬಿ ತಟ್ಟೆ ತೂರಿಸಲು ಸಂದಿ ಹುಡುಕುವವರೂ ಉಂಟು.

ಆದುದರಿಂದ ಮೊದಲ ಪರೀಕ್ಷೆ ಅತಿಥಿಯಲ್ಲಲ್ಲ, ಆತಿಥೇಯದಲ್ಲಿ. ತಟ್ಟೆಯನ್ನು ಹಾಕಿ ಆತಿಥೇಯದ ಕಡತಪಟ್ಟಿಯಲ್ಲಿ ಅದರ ಹೆಸರು, ಕಡತಗಳು ಕಾಣುತ್ತವೆಯೇ ನೋಡಬೇಕು. ಅಲ್ಲಿ ಕಾಣದಿದ್ದರೆ ಮಿಥ್ಯಾಯಂತ್ರದ ಯಾವ ಗುಂಡಿ ಒತ್ತಿದರೂ ಪ್ರಯೋಜನವಿಲ್ಲ. ತೊಂದರೆ ತಟ್ಟೆಯದು ಅಥವಾ ನಿಜವಾದ ಡ್ರೈವಿನದು. ಅಲ್ಲಿ ಕಂಡು ಅತಿಥಿಯಲ್ಲಿ ಕಾಣದಿದ್ದರೆ ಮಾತ್ರ ಮುಂದಿನ ವಿಷಯಗಳತ್ತ ಬರಬೇಕು.

ಅತಿಥಿಯಲ್ಲಿ ಡ್ರೈವೇ ಇಲ್ಲ

ಅತಿಥಿಯಲ್ಲಿ ಡ್ರೈವಿನ ಚಿಹ್ನೆಯೇ ಇಲ್ಲದಿರುವುದು ಒಂದು ಬಗೆ. ಚಿಹ್ನೆಯಿದ್ದು ‘ತಟ್ಟೆ ಹಾಕಿ’ ಎಂದು ಕೇಳುವುದು ಇನ್ನೊಂದು ಬಗೆ. ಇವೆರಡನ್ನೂ ಬೆರೆಸಿಕೊಂಡರೆ ಸಂಜೆಯವರೆಗೂ ತಡಕಾಡಬೇಕಾಗುತ್ತದೆ.

ಚಿಹ್ನೆಯೇ ಇಲ್ಲದಿದ್ದರೆ ಡ್ರೈವನ್ನು ಯಾವ ನಿಯಂತ್ರಕಕ್ಕೆ ಜೋಡಿಸಲಾಗಿದೆ ಎಂದು ನೋಡಬೇಕು. ಎಕ್ಸ್‌ಪಿ ಬಂದ ಕಾಲದಲ್ಲಿ ಗಣಕಗಳ ಡ್ರೈವ್‌ಗಳು ಐಡಿಇ ಎಂಬ ಬಗೆಯ ನಿಯಂತ್ರಕಕ್ಕೆ ಜೋಡಣೆಯಾಗುತ್ತಿದ್ದವು. ಇಂದಿನ ಸಾಟಾ ಎಎಚ್‌ಸಿಐ ನಿಯಂತ್ರಕಕ್ಕೆ ಬೇಕಾದ ಚಾಲಕ ತಂತ್ರಾಂಶ ಎಕ್ಸ್‌ಪಿಯ ಜೊತೆಗೆ ಬರುವುದಿಲ್ಲ. ಹೀಗಾಗಿ ವರ್ಚುವಲ್‌ಬಾಕ್ಸ್‌ನ ‘ಸ್ಟೋರೇಜ್’ ವಿಭಾಗದಲ್ಲಿ ಸಾಟಾ ಕೆಳಗೆ ಡ್ರೈವ್ ಸೇರಿಸಿದರೆ ಎಕ್ಸ್‌ಪಿಯ ಕಣ್ಣಿಗೆ ಅದು ಬೀಳದು. ಐಡಿಇ ಕೆಳಗೆ ಸೇರಿಸಬೇಕು. ವಿಂಡೋಸ್ 98ಕ್ಕೂ ಇದೇ ನಿಯಮ. ಲಿನಕ್ಸ್‌ನಲ್ಲಿ ಕೆವಿಎಂ ಬಳಸುವವರು ಹಳೆಯ ಐ440ಎಫ್‌ಎಕ್ಸ್ ಮಾದರಿಯ ಮದರ್‌ಬೋರ್ಡನ್ನು ಆಯ್ದುಕೊಂಡರೆ ಐಡಿಇ ತಾನಾಗಿ ದೊರೆಯುತ್ತದೆ.

ಸೇರಿಸಲು ಹೋದಾಗ ಆಯ್ಕೆಗಳೆಲ್ಲ ಬೂದುಬಣ್ಣಕ್ಕೆ ತಿರುಗಿ ಒತ್ತಲು ಬಾರದಿದ್ದರೆ ಗಾಬರಿ ಬೇಡ. ಅತಿಥಿ ಓಡುತ್ತಿದೆ, ಇಲ್ಲವೇ ‘ಸೇವ್ಡ್’ ಸ್ಥಿತಿಯಲ್ಲಿ ನಿದ್ರಿಸುತ್ತಿದೆ ಎಂದರ್ಥ. ಕಿಟಕಿ ಮುಚ್ಚುವಾಗ ಸ್ಥಿತಿಯನ್ನು ಉಳಿಸಿಟ್ಟರೆ ಯಂತ್ರ ಆರಿದಂತೆ ಕಂಡರೂ ಆರಿರುವುದಿಲ್ಲ. ಎಕ್ಸ್‌ಪಿಯೊಳಗಿನಿಂದಲೇ ‘ಶಟ್ ಡೌನ್’ ಕೊಟ್ಟು ಪೂರ್ಣವಾಗಿ ನಿಲ್ಲಿಸಿದ ಮೇಲೆ ಡ್ರೈವ್ ಸೇರಿಸಬಹುದು.

ಹೈಪರ್-ವಿಯಲ್ಲಿ ಯಂತ್ರ ರಚಿಸುವಾಗಲೇ ‘ಜನರೇಷನ್ 1’ ಅಥವಾ ‘ಜನರೇಷನ್ 2’ ಎಂದು ಕೇಳುತ್ತದೆ. ಎರಡನೆಯದು ಹೊಸದು, ಆದ್ದರಿಂದ ಉತ್ತಮವಿರಬೇಕು ಎಂದು ಆರಿಸಿಕೊಂಡರೆ ಎಕ್ಸ್‌ಪಿ ಅಲ್ಲಿ ಓಡುವುದೇ ಇಲ್ಲ. ನಿಜವಾದ ಡ್ರೈವನ್ನು ಜೋಡಿಸುವ ಸೌಲಭ್ಯವೂ ಅಲ್ಲಿಲ್ಲ, ಐಎಸ್‌ಒ ಕಡತ ಮಾತ್ರ ಸಲ್ಲುತ್ತದೆ. ಒಮ್ಮೆ ರಚಿಸಿದ ಮೇಲೆ ಈ ಆಯ್ಕೆಯನ್ನು ಬದಲಿಸಲಾಗದು. ಯಂತ್ರವನ್ನು ಮತ್ತೆ ಹೊಸದಾಗಿ ಕಟ್ಟಬೇಕು.

ಹಳೆಯ ಅಂಗಡಿಗಣಕದ ಹಾರ್ಡ್ ಡಿಸ್ಕನ್ನು ಇಡಿಯಾಗಿ ಮಿಥ್ಯಾಯಂತ್ರವನ್ನಾಗಿ ಪರಿವರ್ತಿಸುವವರಿಗೆ ಎದುರಾಗುವ ತೊಡಕು ಬೇರೆಯೇ. ನಿಯಂತ್ರಕ ಬದಲಾದ ಕಾರಣ ಆರಂಭದಲ್ಲೇ ನೀಲಿ ಪರದೆ ಬಂದು ‘7ಬಿ’ ಎಂದು ಕೊನೆಗೊಳ್ಳುವ ದೋಷಸಂಖ್ಯೆ ಕಾಣಬಹುದು. ಅದನ್ನು ದಾಟಿ ಒಳಹೊಕ್ಕರೂ ಸಿ.ಡಿ. ಡ್ರೈವಿನ ಮೇಲೆ ಹಳದಿ ಆಶ್ಚರ್ಯಸೂಚಕ ಚಿಹ್ನೆ ಕಾಣುವುದುಂಟು. ಹಿಂದೆ ಸ್ಥಾಪಿಸಿದ್ದ ಸಿ.ಡಿ. ಬರೆಯುವ ತಂತ್ರಾಂಶಗಳು ಬಿಟ್ಟುಹೋದ ‘ಫಿಲ್ಟರ್’ಗಳು ಇದಕ್ಕೆ ಸಾಮಾನ್ಯ ಕಾರಣ. ಡಿವೈಸ್ ಮ್ಯಾನೇಜರ್‌ನಲ್ಲಿ ದೋಷಸಂಖ್ಯೆ 39 ಇದ್ದರೆ ರಿಜಿಸ್ಟ್ರಿಯಲ್ಲಿ ಸಿ.ಡಿ. ಡ್ರೈವ್‌ಗಳ ವರ್ಗದಡಿ ಇರುವ ‘ಅಪ್ಪರ್ ಫಿಲ್ಟರ್ಸ್’, ‘ಲೋಯರ್ ಫಿಲ್ಟರ್ಸ್’ ಎಂಬೆರಡು ನಮೂದುಗಳನ್ನು ಅಳಿಸಿ ಯಂತ್ರವನ್ನು ಮರಳಿ ಆರಂಭಿಸಿದರೆ ಡ್ರೈವ್ ಹಿಂದಿರುಗುತ್ತದೆ. ರಿಜಿಸ್ಟ್ರಿಗೆ ಕೈಹಾಕುವ ಮುನ್ನ ಮಿಥ್ಯಾಯಂತ್ರದ ಒಂದು ‘ಸ್ನ್ಯಾಪ್‌ಶಾಟ್’ ತೆಗೆದಿಡುವುದು ಜಾಣತನ. ನಿಜವಾದ ಗಣಕಕ್ಕೆ ಇಲ್ಲದ ಈ ಅನುಕೂಲ ಇಲ್ಲಿದೆ, ಬಳಸಿಕೊಳ್ಳಬೇಕು.

ಡ್ರೈವ್ ಇದೆ, ತಟ್ಟೆ ಇಲ್ಲ

ಚಿಹ್ನೆ ಕಾಣುತ್ತಿದ್ದು ಒಳಗೆ ಏನೂ ಇಲ್ಲವೆಂದಾದರೆ ಕೊಂಡಿ ಹಾಕಿಲ್ಲ ಎಂದೇ ಭಾವಿಸಿ ಆರಂಭಿಸಬೇಕು. ವಿಎಂವೇರ್‌ನಲ್ಲಿ ಡ್ರೈವಿನ ಆಯ್ಕೆಗಳಡಿ ‘ಕನೆಕ್ಟೆಡ್’ ಹಾಗೂ ‘ಕನೆಕ್ಟ್ ಅಟ್ ಪವರ್ ಆನ್’ ಎಂಬ ಎರಡು ಚೌಕಗಳಿವೆ. ಎರಡನೆಯದಕ್ಕೆ ಮಾತ್ರ ಗುರುತು ಹಾಕಿ ಮೊದಲನೆಯದನ್ನು ಬಿಟ್ಟರೆ ಈಗ ಓಡುತ್ತಿರುವ ಅತಿಥಿಗೆ ತಟ್ಟೆ ಸಿಗುವುದು ಮರುಆರಂಭದ ನಂತರವೇ. ‘ಆಟೋ ಡಿಟೆಕ್ಟ್’ ಎಂದು ಬಿಡುವ ಬದಲು ಡ್ರೈವಿನ ಅಕ್ಷರವನ್ನು ನಾವೇ ಆರಿಸುವುದು ಕ್ಷೇಮ; ಎರಡು ಡ್ರೈವ್ ಇರುವ ಗಣಕದಲ್ಲಿ ತಂತ್ರಾಂಶ ಖಾಲಿ ಡ್ರೈವನ್ನೇ ಹಿಡಿದು ಕೂರಬಹುದು. ಹಾಗೆ ಮಾಡಿಯೂ ಓದದಿದ್ದರೆ ‘ಅಡ್ವಾನ್ಸ್‌ಡ್’ ಒಳಗಿನ ‘ಲೆಗಸಿ ಎಮ್ಯುಲೇಷನ್’ ಪ್ರಯೋಗಿಸಬಹುದು. ವರ್ಚುವಲ್‌ಬಾಕ್ಸ್‌ನಲ್ಲಿ ಓಡುತ್ತಿರುವ ಕಿಟಕಿಯ ‘ಡಿವೈಸಸ್’ ಪಟ್ಟಿಯ ‘ಆಪ್ಟಿಕಲ್ ಡ್ರೈವ್ಸ್’ ಒಳಗೆ ಆತಿಥೇಯದ ಡ್ರೈವಿನ ಹೆಸರಿನ ಮುಂದೆ ಗುರುತು ಇರಬೇಕು.

ಐಎಸ್‌ಒ ಕಡತವನ್ನು ಬಳಸುವವರು ಮಾಡಿಕೊಳ್ಳುವ ಒಂದು ಗೊಂದಲವನ್ನು ಇಲ್ಲಿ ಹೇಳಲೇಬೇಕು. ವಿಂಡೋಸ್ 8ರಿಂದ ಈಚೆಗೆ ಐಎಸ್‌ಒ ಕಡತದ ಮೇಲೆ ಎರಡು ಸಲ ಒತ್ತಿದರೆ ಅದು ಹೊಸ ಡ್ರೈವಿನಂತೆ ತೆರೆದುಕೊಳ್ಳುತ್ತದೆ. ಹಾಗೆ ತೆರೆದುಕೊಳ್ಳುವುದು ಆತಿಥೇಯದಲ್ಲಿ. ಅತಿಥಿಗೆ ಅದರ ಸುದ್ದಿಯೂ ತಿಳಿಯದು. ಅತಿಥಿಗೆ ಬೇಕಾದರೆ ಮಿಥ್ಯಾಯಂತ್ರದ ಆಯ್ಕೆಯಲ್ಲಿಯೇ ಆ ಕಡತವನ್ನು ತೋರಿಸಬೇಕು. ತೋರಿಸಿದ ಮೇಲೆ ಅದನ್ನು ಸ್ಥಳಾಂತರಿಸಬಾರದು. ಪೆನ್‌ಡ್ರೈವಿನಲ್ಲಿದ್ದ ಕಡತವನ್ನು ಜೋಡಿಸಿ, ಪೆನ್‌ಡ್ರೈವ್ ಕಿತ್ತು ಮನೆಗೆ ಹೋದರೆ ಮರುದಿನ ಯಂತ್ರ ದೂರು ಹೇಳುವುದು ಸಹಜವೇ. ಹಳೆಯ ಸ್ನ್ಯಾಪ್‌ಶಾಟ್‌ಗೆ ಹಿಂದಿರುಗಿದಾಗಲೂ ಅಂದು ಜೋಡಿಸಿದ್ದ ತಟ್ಟೆಯೇ ಮತ್ತೆ ಬಂದು ಕೂರುತ್ತದೆ.

ಲಿನಕ್ಸ್ ಆತಿಥೇಯವಾಗಿದ್ದರೆ ಬಳಕೆದಾರನಿಗೆ ಡ್ರೈವನ್ನು ಓದುವ ಅನುಮತಿ ಇರಬೇಕು. ಡೆಬಿಯನ್ ಬಳಗದ ವ್ಯವಸ್ಥೆಗಳಲ್ಲಿ ‘ಸಿಡಿರಾಮ್’ ಎಂಬ ಗುಂಪಿಗೆ ಸೇರಿಸಿದರೆ ಸಾಕಾಗುತ್ತದೆ.

ಯುಎಸ್‌ಬಿ ಮೂಲಕ ಜೋಡಿಸುವ ಹೊರಗಿನ ಡಿ.ವಿ.ಡಿ. ಡ್ರೈವ್ ಈಗ ಬಹುತೇಕರಿಗೆ ಇರುವ ಒಂದೇ ದಾರಿ. ಅದನ್ನು ಮೊದಲು ಜೋಡಿಸಿ, ಆತಿಥೇಯ ಅದನ್ನು ಗುರುತಿಸಿದ ಮೇಲೆ ಮಿಥ್ಯಾಯಂತ್ರದ ತಂತ್ರಾಂಶವನ್ನು ತೆರೆಯುವುದು ಒಳ್ಳೆಯದು. ಡ್ರೈವನ್ನು ಯುಎಸ್‌ಬಿ ಉಪಕರಣವೆಂದು ಇಡಿಯಾಗಿ ಅತಿಥಿಗೆ ವಹಿಸಿಕೊಡುವುದಕ್ಕಿಂತ ಆತಿಥೇಯದ ಸಿ.ಡಿ. ಡ್ರೈವ್ ಎಂದೇ ಜೋಡಿಸುವುದು ಹೆಚ್ಚು ಸ್ಥಿರ. ವಹಿಸಿಕೊಟ್ಟರೆ ಅತ್ತ ಆತಿಥೇಯದಿಂದ ಮಾಯವಾಗುತ್ತದೆ, ಇತ್ತ ಎಕ್ಸ್‌ಪಿಗೆ ಯುಎಸ್‌ಬಿ ಚಾಲಕದ ತಕರಾರು ಉಳಿಯುತ್ತದೆ. ಕೆಲವು ಡ್ರೈವ್‌ಗಳಿಗೆ ಒಂದು ಯುಎಸ್‌ಬಿ ಕಿಂಡಿಯ ವಿದ್ಯುತ್ ಸಾಲುವುದಿಲ್ಲ. ತಟ್ಟೆ ತಿರುಗಲು ಆರಂಭಿಸಿ ನಿಂತುಬಿಡುವ ಸದ್ದು ಇದರ ಸುಳಿವು.

ತಟ್ಟೆ ಹೊರಬರಲು ಒಪ್ಪದಿದ್ದರೆ ಅತಿಥಿ ಅದನ್ನು ಹಿಡಿದಿಟ್ಟಿದೆ ಎಂದರ್ಥ. ಎಕ್ಸ್‌ಪಿಯೊಳಗೆ ‘ಇಜೆಕ್ಟ್’ ಕೊಡಬೇಕು. ಅದಕ್ಕೂ ಬಗ್ಗದಿದ್ದರೆ ವರ್ಚುವಲ್‌ಬಾಕ್ಸ್ ಬಲವಂತದ ಬಿಡುಗಡೆಗೆ ಅನುಮತಿ ಕೇಳುತ್ತದೆ, ಕೊಡಬಹುದು.

ಬಹಳ ಮಂದಿಯನ್ನು ಕಾಡುವ ಇನ್ನೊಂದು ಸಂದೇಶ ‘ಗೆಸ್ಟ್ ಅಡಿಷನ್ಸ್’ ಸ್ಥಾಪಿಸುವಾಗ ಬರುವಂಥದು. ಆತಿಥೇಯ-ಅತಿಥಿಗಳ ನಡುವೆ ಕಡತ ಹಂಚಿಕೊಳ್ಳಲು ಬೇಕಾದ ಈ ಪೂರಕ ತಂತ್ರಾಂಶ ಕೂಡ ಒಂದು ಮಿಥ್ಯಾ ಸಿ.ಡಿ.ಯ ರೂಪದಲ್ಲಿಯೇ ಬರುತ್ತದೆ. ಅತಿಥಿಯಲ್ಲಿ ಡ್ರೈವೇ ಇಲ್ಲದಿದ್ದರೆ, ಅಥವಾ ಅದೇ ತಟ್ಟೆ ಮೊದಲೇ ಒಳಗಿದ್ದರೆ ‘ಸೇರಿಸಲಾಗಲಿಲ್ಲ’ ಎಂಬ ಸಂದೇಶ ಬರುತ್ತದೆ. ಇರುವುದನ್ನು ಹೊರತೆಗೆದು ಮತ್ತೆ ಪ್ರಯತ್ನಿಸಬೇಕು, ಇಲ್ಲವೇ ವರ್ಚುವಲ್‌ಬಾಕ್ಸ್ ಸ್ಥಾಪನೆಯಾದ ಕಡತಕೋಶದಲ್ಲೇ ಇರುವ ಅದರ ಐಎಸ್‌ಒ ಕಡತವನ್ನು ಕೈಯಾರೆ ಜೋಡಿಸಬೇಕು.

ಎಕ್ಸ್‌ಪಿಯನ್ನು ಸ್ಥಾಪಿಸುವಾಗ ಮೊದಲ ಹಂತ ಮುಗಿದು ಯಂತ್ರ ಮರಳಿ ಆರಂಭವಾದಾಗ ಸಿ.ಡಿ.ಯಿಂದ ಆರಂಭಿಸಲು ಯಾವುದಾದರೂ ಕೀಲಿ ಒತ್ತಿ ಎಂಬ ಸೂಚನೆ ಮತ್ತೆ ಬರುತ್ತದೆ. ಒತ್ತಬಾರದು. ಒತ್ತಿದವರು ಸ್ಥಾಪನೆಯ ಮೊದಲ ಪುಟಕ್ಕೇ ಮರಳುತ್ತಾರೆ.

ಒಮ್ಮೆ ಓದಿ, ನಕಲು ತೆಗೆದಿಡಿ

ಕೊಂಡಿ ಸರಿಯಾಗಿ ತಟ್ಟೆ ಓದತೊಡಗಿದ ಮೇಲೆ ಅದನ್ನೇ ಮತ್ತೆ ಮತ್ತೆ ತಿರುಗಿಸುತ್ತ ಕೆಲಸ ಮಾಡುವುದು ಸರಿಯಲ್ಲ. ಹೀಗೆ ಬರೆದ ಸಿ.ಡಿ.ಗಳಲ್ಲಿ ಮಾಹಿತಿ ಉಳಿದಿರುವುದು ಒಂದು ತೆಳು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವ ಆ ಪದರಕ್ಕೆ ಶತ್ರುಗಳು. ಸಿ.ಡಿ.ಯಲ್ಲಿ ಈ ಪದರ ಇರುವುದು ಹೊಳೆಯುವ ಬದಿಗೆ ಹತ್ತಿರವಲ್ಲ, ಹೆಸರು ಬರೆಯುವ ಬದಿಗೆ ಹತ್ತಿರ. ಅಡಿಭಾಗದ ಗೀರಿಗೆ ಹೆದರುವ ನಾವು ಮೇಲ್ಭಾಗದಲ್ಲಿ ಬಾಲ್ ಪೆನ್ನಿನಿಂದ ಒತ್ತಿ ಬರೆದದ್ದು, ಅಂಟುಚೀಟಿ ಹಚ್ಚಿ ಕಿತ್ತದ್ದು ಹೆಚ್ಚು ಹಾನಿ ಮಾಡಿರುತ್ತದೆ. ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಗ್ರಾಮಫೋನ್ ತಟ್ಟೆಯಂತೆ ಸುತ್ತಿ ಒರೆಸಬಾರದು.

ಇಂದು ಓದಿದ ತಟ್ಟೆ ನಾಳೆ ಓದೀತೆಂಬ ಭರವಸೆಯಿಲ್ಲ. ಆದ್ದರಿಂದ ಆತಿಥೇಯದಲ್ಲಿಯೇ ಅದರ ಐಎಸ್‌ಒ ಪ್ರತಿಯೊಂದನ್ನು ತೆಗೆದು, ಇನ್ನು ಮುಂದೆ ಆ ಕಡತವನ್ನೇ ಅತಿಥಿಗೆ ಜೋಡಿಸುವುದು ಉತ್ತಮ ಪರಿಹಾರ. ಮೇಲೆ ಹೇಳಿದ ಡ್ರೈವ್ ತೊಡಕುಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ ಮಾಯವಾಗುತ್ತವೆ. ಒಂದು ಸಿ.ಡಿ. ಎಂದರೆ ಹೆಚ್ಚೆಂದರೆ 700 ಎಂ.ಬಿ., ಒಂದು ಪದರದ ಡಿ.ವಿ.ಡಿ. ಎಂದರೆ 4.7 ಜಿ.ಬಿ. ಇಂದಿನ ಹಾರ್ಡ್ ಡಿಸ್ಕಿಗೆ ಇದು ಹೊರೆಯಲ್ಲ. ವಿಂಡೋಸ್‌ನಲ್ಲಿ ಇಮ್ಜ್‌ಬರ್ನ್ ಎಂಬ ಉಚಿತ ತಂತ್ರಾಂಶವಿದೆ. 2013ರ ನಂತರ ಹೊಸ ಆವೃತ್ತಿ ಬಂದಿಲ್ಲವಾದರೂ ಕೆಲಸಕ್ಕೆ ಬರುತ್ತದೆ. ಗೀರುಬಿದ್ದ ತಟ್ಟೆಗಳಿಗೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಹೆಚ್ಚು ಸೂಕ್ತ. ಅದು ಸುಲಭವಾಗಿ ಓದುವ ಭಾಗಗಳನ್ನು ಮೊದಲು ಎತ್ತಿಕೊಂಡು, ಹಟ ಹಿಡಿಯುವ ಭಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಬಂದೆ ಎಂಬ ಲೆಕ್ಕವನ್ನೂ ಬರೆದಿಡುತ್ತದೆ. ನಡುವೆ ವಿದ್ಯುತ್ ಹೋದರೂ ಮೊದಲಿನಿಂದ ಆರಂಭಿಸಬೇಕಿಲ್ಲ. ಒಂದು ಡ್ರೈವ್ ಓದದ ಭಾಗವನ್ನು ಇನ್ನೊಂದು ಡ್ರೈವ್ ಓದುವುದು ಅಪರೂಪವಲ್ಲವಾದ್ದರಿಂದ ನೆರೆಯವರ ಹಳೆಯ ಗಣಕದಲ್ಲೂ ಒಮ್ಮೆ ಯತ್ನಿಸಿ ನೋಡಬೇಕು.

ಹಲವು ಸಲ ಸ್ವಲ್ಪ ಸ್ವಲ್ಪವಾಗಿ ಬರೆದ ತಟ್ಟೆಗಳಲ್ಲಿ ಎಚ್ಚರ ಬೇಕು. ಇವುಗಳ ಐಎಸ್‌ಒ ಪ್ರತಿಯಲ್ಲಿ ಒಂದೇ ಕಂತಿನ ಕಡತಗಳು ಕಾಣಿಸಿಕೊಂಡು ಉಳಿದವು ಮರೆಯಾಗಬಹುದು. ಅಂಥ ತಟ್ಟೆಯ ಕಡತಗಳನ್ನು ಆತಿಥೇಯದ ಒಂದು ಕಡತಕೋಶಕ್ಕೆ ನಕಲಿಸಿ, ಅದರಿಂದ ಹೊಸ ಐಎಸ್‌ಒ ತಯಾರಿಸುವುದು ಒಳಿತು. ಆತಿಥೇಯದಲ್ಲಿ ತೆರೆದು ಅತಿಥಿಯಲ್ಲಿ ಮಾತ್ರ ತೆರೆಯದ ತಟ್ಟೆ ಯುಡಿಎಫ್ ಎಂಬ ಕ್ರಮದಲ್ಲಿ ಬರೆದದ್ದಾಗಿರಬಹುದು. ಎಕ್ಸ್‌ಪಿ ಯುಡಿಎಫ್‌ನ 2.01ರವರೆಗಿನ ಆವೃತ್ತಿಗಳನ್ನು ಮಾತ್ರ ಓದುತ್ತದೆ. ಇದಕ್ಕೂ ಅದೇ ಮದ್ದು.

ಎಲ್ಲ ತಟ್ಟೆಗಳಿಗೂ ಒಂದೇ ತುರ್ತು ಇಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ, 1905ರಲ್ಲಿ ಅಚ್ಚಾದ ಕೋಲಾರ ಜಿಲ್ಲೆಯ ಸಂಪುಟ, ಶಿಡ್ಲಘಟ್ಟ ತಾಲ್ಲೂಕಿನ ಶಾಸನಗಳನ್ನೂ ಒಳಗೊಂಡಿದೆ. ಈ ಮಾಲೆ ಸಿ.ಡಿ. ರೂಪದಲ್ಲೂ ಹೊರಬಂದಿತ್ತು. ಆ ಸಿ.ಡಿ. ಕೆಟ್ಟರೂ ಪುಸ್ತಕವಿದೆ. ಆದರೆ ಐದುನೂರು ಪ್ರತಿ ಅಚ್ಚಾಗಿ ಹಂಚಿಹೋದ ಊರಿನ ಸ್ಮರಣಸಂಚಿಕೆಗೆ, 2005ರ ಏಪ್ರಿಲ್‌ನಲ್ಲಿ ವ್ಯಾಟ್ ಬರುವ ಮುಂಚಿನ ಅಂಗಡಿ ಲೆಕ್ಕಕ್ಕೆ ಎರಡನೆಯ ಪ್ರತಿ ಎಲ್ಲಿಯೂ ಇರದಿರಬಹುದು. ಮೊದಲು ಇವುಗಳನ್ನೇ ಕೈಗೆತ್ತಿಕೊಳ್ಳಬೇಕು.

ಮದುವೆಯ ವಿ.ಸಿ.ಡಿ.

ಮನೆಮನೆಯ ಬೀರುವಿನಲ್ಲಿರುವ ಮದುವೆ, ನಾಮಕರಣಗಳ ವಿ.ಸಿ.ಡಿ. ಈ ಯಾವ ನಿಯಮಕ್ಕೂ ಒಳಪಡುವುದಿಲ್ಲ. ಅದರ ಚಿತ್ರಭಾಗವನ್ನು ಸಾಮಾನ್ಯ ದತ್ತಾಂಶಕ್ಕಿಂತ ಬೇರೆ ಕ್ರಮದಲ್ಲಿ ಬರೆದಿರುತ್ತಾರೆ. ಹೀಗಾಗಿ ಸಾಮಾನ್ಯ ಐಎಸ್‌ಒ ಪ್ರತಿ ಅದನ್ನು ಪೂರ್ಣವಾಗಿ ಹಿಡಿದಿಡದು. ವರ್ಚುವಲ್‌ಬಾಕ್ಸ್ ಅಂತೂ ವಿ.ಸಿ.ಡಿ.ಯನ್ನು ಅತಿಥಿಯಲ್ಲಿ ನುಡಿಸಲು ಸಾಧ್ಯವೇ ಇಲ್ಲ ಎಂದು ತನ್ನ ಕೈಪಿಡಿಯಲ್ಲೇ ಹೇಳಿಕೊಂಡಿದೆ, ಹಾಡಿನ ಸಿ.ಡಿ.ಗೆ ನೆರವಾಗುವ ‘ಪಾಸ್‌ಥ್ರೂ’ ಆಯ್ಕೆಯೂ ಇಲ್ಲಿ ನಡೆಯದು. ಅದೃಷ್ಟಕ್ಕೆ ಇದಕ್ಕೆ ಮಿಥ್ಯಾಯಂತ್ರದ ಅಗತ್ಯವೂ ಇಲ್ಲ. ಆತಿಥೇಯದಲ್ಲಿಯೇ ವಿಎಲ್‌ಸಿ ಎಂಬ ಉಚಿತ ತಂತ್ರಾಂಶ ಅದನ್ನು ನುಡಿಸುತ್ತದೆ. ‘ಎಂಪೆಗ್‌ಎವಿ’ ಎಂಬ ಕಡತಕೋಶದಲ್ಲಿರುವ ‘ಡ್ಯಾಟ್’ ಕಡತಗಳನ್ನು ನಕಲಿಸಿಕೊಂಡರೆ ಅವೂ ವಿಎಲ್‌ಸಿಯಲ್ಲಿ ತೆರೆಯುತ್ತವೆ.

ತೆರೆದ ಮೇಲೆ

ಅತಿಥಿಯಲ್ಲಿ ಪುಟ ತೆರೆದಾಗ ಕನ್ನಡದ ಬದಲು ರೋಮನ್ ಅಕ್ಷರ, ಚಿಹ್ನೆಗಳ ಜಾತ್ರೆ ಕಂಡರೆ ಅದು ಡ್ರೈವಿನ ದೋಷವಲ್ಲ, ಕಡತವೂ ಕೆಟ್ಟಿಲ್ಲ. ಬಳಸಿದ ಅಕ್ಷರಶೈಲಿ ಸ್ಥಾಪನೆಯಾಗಿಲ್ಲ ಅಷ್ಟೆ. ಬಹಳಷ್ಟು ಸಲ ಅದೇ ತಟ್ಟೆಯ ಮೂಲೆಯಲ್ಲಿ ‘ಫಾಂಟ್ಸ್’ ಎಂಬ ಕಡತಕೋಶ ಇರುತ್ತದೆ, ಮೊದಲು ಅಲ್ಲಿ ಹುಡುಕಬೇಕು. ಬೀಗದ ಕೀಲಿಯಂತಹ ಪುಟ್ಟ ಉಪಕರಣ ಜೋಡಿಸಿದರೆ ಮಾತ್ರ ಓಡುವ ತಂತ್ರಾಂಶವಾಗಿದ್ದರೆ ಆ ಯುಎಸ್‌ಬಿ ಕೀಲಿಯನ್ನು ಅತಿಥಿಗೆ ವಹಿಸಿಕೊಡಬೇಕು; ಹಳೆಯ ಮುದ್ರಕದ ಕಿಂಡಿಗೆ ಸಿಕ್ಕಿಸುತ್ತಿದ್ದ ಕೀಲಿಯಾದರೆ ದಾರಿ ಕಷ್ಟ, ಅದಕ್ಕೆ ಹಳೆಯ ನಿಜವಾದ ಗಣಕವನ್ನೇ ಹುಡುಕುವುದು ಕಡಿಮೆ ಶ್ರಮದ ಕೆಲಸ.

ಪಠ್ಯವನ್ನು ಹೊರತಂದ ಮೇಲೆ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ನುಡಿ ಹಾಗೂ ಬರಹ ಎರಡರೊಂದಿಗೂ ಪರಿವರ್ತಕಗಳು ದೊರೆಯುತ್ತವೆ. ಅರ್ಕಾವತ್ತು, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪು ನುಸುಳುವುದರಿಂದ ಒಮ್ಮೆ ಕಣ್ಣಾಡಿಸಬೇಕಾಗುತ್ತದೆ. ಹೆಸರು, ಊರು, ಸರ್ವೆ ಸಂಖ್ಯೆ ಇರುವ ಪಟ್ಟಿಗಳನ್ನು ಮೂಲದೊಡನೆ ಸಾಲುಸಾಲಾಗಿ ಹೋಲಿಸಿ ನೋಡುವುದು ಅನಿವಾರ್ಯ.

ಕಡತಗಳನ್ನು ಹೊರತರಲು ಹಂಚಿಕೆಯ ಕಡತಕೋಶ ಬಳಸಬಹುದು. ಐಎಸ್‌ಒ ಮೂಲಕ ಒಳಗೆ ಕಳುಹಿಸಬಹುದೇ ಹೊರತು ಹೊರಗೆ ತರಲಾಗದು. ಹಂಚಿಕೆಯ ಕಡತಕೋಶಕ್ಕೆ ಡ್ರೈವ್ ಅಕ್ಷರ ಕೊಡುವಾಗ ಸಿ.ಡಿ. ಡ್ರೈವಿನ ಅಕ್ಷರವನ್ನು ಕಸಿಯದಂತೆ ನೋಡಿಕೊಳ್ಳಬೇಕು. ‘ಡಿ’ಯಿಂದ ಸ್ಥಾಪಿಸಿದ ಹಳೆಯ ತಂತ್ರಾಂಶ ತನ್ನ ತಟ್ಟೆಯನ್ನು ‘ಡಿ’ಯಲ್ಲೇ ಹುಡುಕುತ್ತದೆ. ಈ ಕೆಲಸ ನಡೆಯುವಷ್ಟು ಹೊತ್ತೂ ಎಕ್ಸ್‌ಪಿಯ ಅಂತರ್ಜಾಲ ಸಂಪರ್ಕವನ್ನು ಮಿಥ್ಯಾಯಂತ್ರದ ‘ನೆಟ್‌ವರ್ಕ್’ ವಿಭಾಗದಲ್ಲಿ ಕಡಿದಿಟ್ಟಿರಬೇಕು. 2014ರ ನಂತರ ನಿಯಮಿತ ಭದ್ರತಾ ತಿದ್ದುಪಡಿ ಕಾಣದ ವ್ಯವಸ್ಥೆ ಅದು, ಹಳೆಯ ತಟ್ಟೆಗಳಲ್ಲಿ ಅಂದಿನ ವೈರಸ್‌ಗಳೂ ಕಡತಗಳ ಜೊತೆಗೇ ಇದ್ದಿರಬಹುದು.